ಕತ್ತರಿಯಮ್ಮನ ಗುಳಿಗೆ

ಬೀದಿಯವರಿಗೆಲ್ಲ ಅವಳು ಕತ್ತರಿಯಮ್ಮ. ಬಟ್ಟೆ ಕತ್ತರಿಸುವುದರಲ್ಲಿ ಎತ್ತಿದ ಕೈ, ನಾಲಿಗೆಯೇನೂ ಮೊಂಡಾಗಿರಲಿಲ್ಲ. ಮನೆಯ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಅತ್ತೆ ಕತ್ತರಿಸಬೇಕು, ಸೊಸೆ ಹೊಲಿಯಬೇಕು.

ಅಂಥವಳು ಗಿರಾಕಿಯೊಬ್ಬರ ಉಣ್ಣೆ ಕೋಟಿಗೆ ಎರಡು ತೋಳನ್ನೂ ಎಡಗೈಗೇ ಕತ್ತರಿಸಿಟ್ಟಳು. ಬಟ್ಟೆಯನ್ನು ಮಡಿಸಿ ಕತ್ತರಿಸಿದರೆ ಜೋಡಿ ತಾನಾಗಿ ಬರುತ್ತದೆ. ಇವಳು ಮಡಿಸುವುದನ್ನೇ ಮರೆತಿದ್ದಳು.

"ವಯಸ್ಸಾಯ್ತಲ್ಲಮ್ಮ," ಎಂದ ಮಗ. ಗೋಡೆ ಹಿಡಿದು ನಡೆಯತೊಡಗಿದಳು, ಅದೂ ವಯಸ್ಸೇ. ಬಚ್ಚಲಲ್ಲಿ ಬಿದ್ದಳು, ಅದೂ ವಯಸ್ಸೇ. ವಯಸ್ಸಿನ ತಲೆಗೆ ಏನು ಬೇಕಾದರೂ ಕಟ್ಟಬಹುದು ನೋಡಿ, ಅದು ತಿರುಗಿ ಮಾತಾಡುವುದಿಲ್ಲ! ಇನ್ನು ಕತ್ತರಿ ಮುಟ್ಟುವುದು ಬೇಡವೆಂದು ಮಗ ಸೊಸೆ ತೀರ್ಮಾನಿಸಿದರು. ಆ ಕೆಲಸವೂ ಹೋದರೆ ಅವಳಿಗೆ ಉಳಿಯುವುದು ಮೂಲೆಯ ಮಂಚ ಮಾತ್ರ.

ಬಿದ್ದ ಪೆಟ್ಟಿಗೆಂದು ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರಮ್ಮ ಕಾಲು ನೋಡಿ, ಮರೆವು ತೂರಾಟಗಳ ಕಥೆಯನ್ನೂ ಕೇಳಿದ ಮೇಲೆ, "ಕುಡಿತ, ನಿದ್ದೆ ಗುಳಿಗೆ, ಏನಾದ್ರೂ ಅಭ್ಯಾಸ ಇದೆಯಾ?" ಎಂದು ಕೇಳಿದರು.

ಮಗನಿಗೆ ಮೈಯೆಲ್ಲ ಉರಿಯಿತು. "ನಮ್ಮಮ್ಮನಿಗೆ ಚಟ ಎಲ್ಲಿಂದ ಬರ್ಬೇಕು? ಅಪ್ಪ ಹೋದ್ಮೇಲೆ ನಿದ್ದೆಗೆ ಅಂತ ಒಂದು ಗುಳಿಗೆ, ಅಷ್ಟೇ. ನಾನೇ ತಂದ್ಕೊಡ್ತೀನಿ."

"ನೀವಾ?" ಸೊಸೆ ಗಾಬರಿಯಾದಳು. "ನಾನಲ್ವಾ ತರೋದು?"

ಮೂವರೂ ಕತ್ತರಿಯಮ್ಮನತ್ತ ತಿರುಗಿದರು. ಸುಮ್ಮನಿದ್ದರೆ ಮರೆವಿನ ಮುದುಕಿ, ಬಾಯಿಬಿಟ್ಟರೆ ಚಟದ ಮುದುಕಿ. ಅವಳಿಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಎನಿಸಿತು. ಕೊನೆಗೆ ಗೋಡೆ ನೋಡುತ್ತ ಹೇಳಿದಳು, "ಇಬ್ರೂ ತರ್ತಾರೆ. ಇವ್ನು ತರೋದು ಅವ್ಳಿಗೆ ಗೊತ್ತಿಲ್ಲ, ಅವ್ಳು ತರೋದು ಇವ್ನಿಗೆ ಗೊತ್ತಿಲ್ಲ. ಎರಡೂ ನುಂಗ್ತೀನಿ. ಒಂದೊಂದ್ಸಲ ಹಗಲೂ ನುಂಗ್ತೀನಿ."

"ಹೇಳಿದ್ದು ಒಳ್ಳೇದಾಯ್ತಮ್ಮ," ಎಂದರು ಡಾಕ್ಟರಮ್ಮ. "ಈ ಮರೆವು, ತೂರಾಟ ಗುಳಿಗೆಯಿಂದಲೇ ಇರಬಹುದು. ಆದ್ರೆ ಒಂದೇ ಸಲ ನಿಲ್ಸಿಬಿಟ್ರೆ ಅಪಾಯ. ನಾನು ಹೇಳಿದ ಹಾಗೆ ನಿಧಾನವಾಗಿ ಇಳಿಸ್ಬೇಕು. ಕೈ ಮತ್ತೆ ಮೊದಲಿನಂತಾಗುತ್ತೆ ಅಂತ ಮಾತು ಕೊಡಲ್ಲ. ಪ್ರಯತ್ನ ಮಾಡೋಣ."

ಮನೆ ತಲುಪಿದ್ದೇ ಕತ್ತರಿಯಮ್ಮ ಗುಂಡಿಗಳ ಡಬ್ಬಿ ತಂದು ಸೊಸೆಯ ಮಡಿಲಿಗೆ ಸುರಿದಳು. ಗುಂಡಿಗಳಿಗಿಂತ ಗುಳಿಗೆಗಳೇ ಹೆಚ್ಚಿದ್ದವು. ಸೊಸೆಯ ಕಣ್ಣು ತುಂಬಿಬಂತು.

"ಇನ್ಮೇಲೆ ಡಾಕ್ಟ್ರು ಹೇಳಿದಷ್ಟು ನೀನೇ ಎಣಿಸ್ಕೊಡು," ಎಂದಳು ಅತ್ತೆ. "ಇನ್ನೊಂದು ಕೊಡು ಅಂತ ಬೈತೀನಿ, ಅಳ್ತೀನಿ, ನಿನ್ನ ಕಾಲೂ ಹಿಡೀತೀನಿ. ಆಗ ಅತ್ತೆ ಅಂತ ಮುಖ ನೋಡಿ ಕೊಟ್ಬಿಡ್ಬೇಡ ಕಣೇ."