ಎಲೆಯ ಮೇಲೆ ಎರಡು ಕೈ

ಗಣಪಯ್ಯ ಭಾವ ಎಂದರೆ ನನಗೆ ಈಗಲೂ ಕಣ್ಣಿಗೆ ಕಟ್ಟುವುದು ಬಾಳೆಲೆಯ ಮೇಲೆ ಅಡ್ಡಡ್ಡ ಇಟ್ಟ ಅವರ ಎರಡು ದಪ್ಪ ಕೈಗಳು. ಒಂದು ಕಾಲದಲ್ಲಿ ಆ ಕೈ ಹೋಳಿಗೆ ಮಡಚುವುದನ್ನು ನೋಡಲೆಂದೇ ಜನ ಅವರ ಎದುರಿನ ಪಂಕ್ತಿಯಲ್ಲಿ ಜಾಗ ಹಿಡಿಯುತ್ತಿದ್ದರು. ಶೃಂಗೇರಿಯಿರಲಿ, ಕೊಪ್ಪವಿರಲಿ, ಮದುವೆಯೂಟದಲ್ಲಿ ಬಡಿಸುವವರು ಕೊನೆಗೆ ಹೋಳಿಗೆಯ ಬುಟ್ಟಿಯನ್ನೇ ತಂದು ಅವರ ಮುಂದಿಡುವರು. ಅಕ್ಕನ ಗಂಡ, ನಮ್ಮ ಬಳಗದ ಸೆಲೆಬ್ರಿಟಿ. ನಾನು ಫೋರ್ಕ್ ಹಿಡಿಯಲು ಕಲಿತು ಬಂದಾಗ, "ಎಂತ ಕೂಸೆ, ಕಾನ್ವೆಂಟಲ್ಲಿ ಊಟವನ್ನ ಚುಚ್ಚಿ ಕೊಂದು ತಿಂತಾರಾ?" ಎಂದು ಮನೆಮಂದಿಯನ್ನೆಲ್ಲ ನಗಿಸಿದವರು.

ಒಂದು ಬೆಳಗ್ಗೆ ಎದೆ ಹಿಡಿದುಕೊಂಡು ಕುಸಿದು ಕೂತರು. ಶಿವಮೊಗ್ಗಕ್ಕೆ ಒಯ್ದು ಸ್ಟೆಂಟ್ ಹಾಕಿಸಿದ್ದಾಯಿತು. ಇದೇ ಊಟ ಮುಂದುವರಿದರೆ ಮುಂದಿನ ಸಲ ಇಲ್ಲಿಯವರೆಗೂ ಬರಲಾರಿರಿ ಎಂದರಂತೆ ಡಾಕ್ಟರ್. ಡಿಸ್ಚಾರ್ಜ್ ಆಗಿ ಬಂದವರೇ ಹೊಗೆಸೊಪ್ಪಿನ ಪೊಟ್ಟಣವನ್ನು ಒಲೆಗೆ ಹಾಕಿದರು. ತುಪ್ಪ ಬಿಟ್ಟರು. ಸಕ್ಕರೆಯಿಲ್ಲದ ಕಾಫಿಯನ್ನು ಬೈಯುತ್ತಲೇ ಕುಡಿದರು. ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯ ಹತ್ತಿರ ಮಾತ್ರ ದಿನಾ ಹೋಗಿ, ಮುಚ್ಚಳ ತೆಗೆದು ಮೂಸಿ ಬರುತ್ತಿದ್ದರು. "ಮೂಸಬಾರ್ದು ಅಂತ ಡಾಕ್ಟ್ರು ಹೇಳಿಲ್ಲ."

ಸಂಜೆ ಕಿಗ್ಗದ ರಸ್ತೆಯಲ್ಲಿ ವಾಕಿಂಗ್. ನಮ್ಮ ಕಡೆ ಸುಮ್ಮಸುಮ್ಮನೆ ರಸ್ತೆಯಲ್ಲಿ ನಡೆಯುವವರು ಯಾರು? ಬಸ್ಸು ತಾನಾಗಿ ನಿಲ್ಲುತ್ತಿತ್ತು, ಕಂಡಕ್ಟರ್ ಬಾಗಿಲಿನಿಂದ ಕರೆಯುತ್ತಿದ್ದ.

"ಹತ್ತಿ ಭಟ್ರೆ."

"ನಾನು ಎಲ್ಲಿಗೂ ಹೋಗ್ತಾ ಇಲ್ಲ. ನೀನು ಹೋಗು ಮಾರಾಯ!"

ಆ ವರ್ಷ ಅಡ್ಡಗದ್ದೆಯಲ್ಲಿ ಅವರ ಬಾಲ್ಯದ ಗೆಳೆಯ ಶ್ರೀಪತಣ್ಣನ ಮೊಮ್ಮಗನ ಉಪನಯನ. ಹೋಳಿಗೆ ಬಂದಾಗ ಪಂಕ್ತಿಗೆ ಪಂಕ್ತಿಯೇ ಭಾವನ ಕಡೆ ತಿರುಗಿತು. ಅವರು ಎಲೆಯ ಮೇಲೆ ಎರಡೂ ಕೈ ಇಟ್ಟುಬಿಟ್ಟರು. ಶ್ರೀಪತಣ್ಣ ತಾವೇ ತುಪ್ಪದ ಗಿಂಡಿ ಹಿಡಿದು ಬಂದರು.

"ಎಂತ ಗಣಪಯ್ಯ, ಸಾವಿಗೆ ಹೆದರಿದ್ಯಾ?"

"ಹೌದು, ಹೆದರಿದ್ದೇನೆ. ನೀನೂ ಸ್ವಲ್ಪ ಹೆದರು."

"ನನ್ನ ಮನೆ ಊಟಕ್ಕೆ ಅವಮಾನ ಮಾಡ್ತೀಯಾ?" ಎನ್ನುತ್ತ ಶ್ರೀಪತಣ್ಣ ಗಿಂಡಿ ಬಗ್ಗಿಸಿಯೇಬಿಟ್ಟರು. ಬಿಸಿ ತುಪ್ಪ ಬೆರಳುಗಳ ಮೇಲೆ ಹರಿಯಿತು. ಭಾವ ಕೈ ಕದಲಿಸಲಿಲ್ಲ.

"ಹುಯ್ಯಿ ಮಾರಾಯ. ಗಿಂಡಿ ಖಾಲಿಯಾಗ್ಲಿ. ಎಲೆ ನಂದು."

ಹೆಂಗಸರ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ ಅಕ್ಕ ಮಾತ್ರ ಗಟ್ಟಿಯಾಗಿ ನಕ್ಕಳು. ನಗುನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಆಮೇಲೆ ಭಾವ ವರ್ಷಗಟ್ಟಲೆ ಬದುಕಿದರು. ಹೋದ ಮಳೆಗಾಲದಲ್ಲಿ ಅವರನ್ನು ಒಯ್ದದ್ದು ನ್ಯುಮೋನಿಯಾ. ಹಾರ್ಟ್ ಕೊನೆಯವರೆಗೂ ಅವರ ಪಕ್ಷವನ್ನೇ ವಹಿಸಿತ್ತು.

ವೈಕುಂಠ ಸಮಾರಾಧನೆಯ ದಿನ, ಅವರಿಗೆ ಇಷ್ಟವಾಗಿತ್ತೆಂದು ಹೋಳಿಗೆಯನ್ನೇ ಮಾಡಿಸಿದ್ದರು. ಶ್ರೀಪತಣ್ಣ ತುಪ್ಪದ ಗಿಂಡಿ ಹಿಡಿದು ನನ್ನೆದುರು ನಿಂತರು. "ಬೇಡ ಅನ್ಬೇಡ ಸುಮಿತ್ರಾ. ಗಣಪಯ್ಯನ ಹೆಸರಲ್ಲಿ ಒಂದು ಚಮಚ."

ನನ್ನ ಹಾರ್ಟ್ ಸರಿಯಾಗಿಯೇ ಇದೆ. ತುಪ್ಪವೆಂದರೆ ನನಗೆ ಪ್ರಾಣ. ಆದರೂ ಎಲೆಯ ಮೇಲೆ ಎರಡೂ ಕೈ ಇಟ್ಟೆ.

"ಅವರ ಹೆಸರಲ್ಲೇ ಬೇಡ, ಶ್ರೀಪತಣ್ಣ."

ಅವರು ನನ್ನ ಕೈಗಳನ್ನೇ ನೋಡುತ್ತ ನಿಂತರು. ಈ ಸಲ ಸುರಿಯಲಿಲ್ಲ.