ಹಿಟ್ಟಿನ ಮೇಲಿನ ಅಂಗೈ

ಕಾಯಿಸಿದ ಎಣ್ಣೆ ರವೆಯ ಮೇಲೆ ಬಿದ್ದಾಗ ಏಳುವ ಒಂದು ವಾಸನೆಯಿದೆ. ಇವತ್ತು ಬೆಳಿಗ್ಗೆ ಅದು ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಅಡುಗೆಮನೆಯ ಬಾಗಿಲು ಮುಚ್ಚಿತು. ಸೊಸೆ ಹೊರಗೇ ಉಳಿದಳು. ಈ ವಿದ್ಯೆ ನಾನು ಯಾರಿಂದ ಕಲಿತೆ, ಹೇಳುತ್ತೇನೆ ಕೇಳಿ.

ಎಪ್ಪತ್ತರ ದಶಕ. ಮುದ್ದೇಬಿಹಾಳದಿಂದ ಸಿಂದಗಿಗೆ ಸೊಸೆಯಾಗಿ ಬಂದ ಹೊಸತು. ನನ್ನ ಅತ್ತೆಯ ಖಾರದ ಕರ್ಚಿಕಾಯಿ ಓಣಿಗೆಲ್ಲ ಹೆಸರುವಾಸಿ. ಪುಟಾಣಿ ಹಿಟ್ಟು, ಒಣಕೊಬ್ಬರಿ, ಖಾರದ ಹೂರಣವನ್ನು ನನ್ನೆದುರೇ ಕಲಸುತ್ತಿದ್ದರು. ಹೊರಗಿನ ಕಣಕ ನಾದುವಾಗ ಮಾತ್ರ ಬಾಗಿಲು ಹಾಕಿಕೊಳ್ಳುತ್ತಿದ್ದರು.

"ನೀ ಹಿತ್ತಲದಾಗ ಅರಿವಿ ಒಣಾ ಹಾಕು, ಹೋಗು."

ಒಣಗಿದ ಬಟ್ಟೆಯನ್ನೇ ಎಷ್ಟು ಸಲ ಒಣಹಾಕಲಿ? ನನಗೆ ಅನುಮಾನ ಹತ್ತಿತು. ಕಣಕಕ್ಕೆ ಏನೋ ಬೆರೆಸುತ್ತಾರೆ. ತಾಳಿಕೋಟೆಗೆ ಕೊಟ್ಟ ತಮ್ಮ ಮಗಳಿಗೆ ಅದನ್ನು ಹೇಳಿಕೊಟ್ಟು ನನಗೆ ಮುಚ್ಚಿಡುತ್ತಾರೆ. ಆ ಗುಟ್ಟು ಸಿಗುವ ತನಕ ಈ ಮನೆಯಲ್ಲಿ ನಾನು ಬಟ್ಟೆ ಒಣಹಾಕುವವಳೇ ಎಂದು ಹೊಟ್ಟೆ ಉರಿಯುತ್ತಿತ್ತು. ಡಬ್ಬಿ ಡಬ್ಬಿ ಮೂಸಿದೆ. ಅಜವಾನ ಮೂಸಿ ಮೂರು ಸಲ ಸೀನಿ ಸಿಕ್ಕಿಬಿದ್ದೆ.

ಅತ್ತೆಯೇನು ಕಡಿಮೆಯೇ? ಹಿಟ್ಟಿನ ಡಬ್ಬಿ ಮುಚ್ಚುವ ಮೊದಲು ಮೇಲೆ ಅಂಗೈ ಒತ್ತಿ ಗುರುತು ಮಾಡುತ್ತಿದ್ದರು. ಯಾರಾದರೂ ಹಿಟ್ಟು ಮುಟ್ಟಿದರೆ ತಿಳಿಯಬೇಕಲ್ಲ! ಒಂದು ದಿನ ಆ ಗುರುತನ್ನು ಸರಿಯಾಗಿ ನೋಡಿದೆ. ಅಂಗೈಯ ಬುಡ ಮೂಡಿತ್ತು, ಬೆರಳ ಗೆಣ್ಣುಗಳು ಮೂಡಿದ್ದವು. ಚಾಚಿದ ಬೆರಳುಗಳ ಗುರುತೇ ಇರಲಿಲ್ಲ.

ಮುಂದಿನ ಸಲ ಬಾಗಿಲ ಸಂದಿಗೆ ಕಣ್ಣಿಟ್ಟೆ. ಅತ್ತೆ ಗಟ್ಟಿ ಕಣಕವನ್ನು ಮೊಣಕೈಯಿಂದ ನಾದುತ್ತಿದ್ದರು. ಮಡಚಿಕೊಂಡ ಬೆರಳುಗಳು ಬಿಚ್ಚುತ್ತಲೇ ಇರಲಿಲ್ಲ. ಒಂದೊಂದು ಸಲ ಒತ್ತಿದಾಗಲೂ ತುಟಿ ಕಚ್ಚುತ್ತಿದ್ದರು. ಗುಟ್ಟು ಅಷ್ಟೇ. ಕೈ ಸೋತಿದೆ ಎಂದು ಗೊತ್ತಾದರೆ ಅಡುಗೆಮನೆ ಸೊಸೆಯ ಪಾಲಾಗುತ್ತದೆಂಬ ಹೆದರಿಕೆ.

ನನಗೆ ನಾಚಿಕೆಯಾಯಿತು. ಸದ್ದಿಲ್ಲದೆ ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆಯನ್ನು ಮತ್ತೆ ಹರವಿದೆ. ಅವರು ಇರುವ ತನಕ ಆ ಬಾಗಿಲು ತಳ್ಳಲಿಲ್ಲ. ಅವರ ಮಾನ ಉಳಿಸಿದೆ ಎಂದು ಇಷ್ಟು ವರ್ಷ ಹೆಮ್ಮೆಪಟ್ಟುಕೊಂಡೇ ಬಂದಿದ್ದೇನೆ.

ಇವತ್ತು ನನ್ನ ಬೆರಳುಗಳೂ ಮಾತು ಕೇಳುವುದಿಲ್ಲ. ಕಣಕದ ಮೇಲೆ ಊರಲು ಎತ್ತಿದ ಮೊಣಕೈಯನ್ನು ಕೆಳಗಿಳಿಸಿದೆ. ಆಮೇಲೆ ಎದ್ದು ಬಾಗಿಲು ತೆರೆದೆ.

"ಬಾರವ್ವ ಒಳಗ. ನನ್ನ ಬೆರಳು ನಡೀವಲ್ಲವು."

"ಗೊತ್ತೈತ್ರಿ ಅತ್ತಿ. ಹ್ವಾದ ವರ್ಷನ ಬಾಗಲಾ ಸಂದ್ಯಾಗಿಂದ ನೋಡೇನಿ."

"ಮತ್ತ ಒಳಗ ಯಾಕ ಬರ್ಲಿಲ್ಲ?"

ಕೇಳಿಬಿಟ್ಟ ಮೇಲೆ, ಮುಚ್ಚಿದ ಬಾಗಿಲ ಹಿಂದೆ ನನ್ನ ಅತ್ತೆ ಒಬ್ಬರೇ ತುಟಿ ಕಚ್ಚಿದ್ದು ನೆನಪಾಯಿತು. ಈ ಪ್ರಶ್ನೆಗೆ ಮೊದಲು ಉತ್ತರ ಹೇಳಬೇಕಾದವಳು ನಾನೇ. ಸರಿದು ಕುಳಿತು, ಕಣಕದ ಪರಾತವನ್ನು ಅವಳತ್ತ ನೂಕಿದೆ.