ಎಡಹುರಿಯ ಹಗ್ಗ

ನನ್ನ ಅತ್ತಿಗೆ ಯುಸ್ತಾಕಿಯಾ ಎಡಚಿ. ಉಣ್ಣುವುದು, ಕಲ್ಲೆಸೆಯುವುದು, ನನ್ನ ಅಣ್ಣನ ಕಿವಿ ಹಿಂಡುವುದು ಎಲ್ಲ ಎಡಗೈಯಲ್ಲೇ. ಉಣ್ಣೆ ನೂತರೂ ಹುರಿ ಎಡಕ್ಕೇ ತಿರುಗುತ್ತಿತ್ತು. ಬೇರೆಯವರ ನೂಲಿನ ಜೊತೆ ಸೇರಿಸಿ ನೇಯ್ದರೆ ಬಟ್ಟೆ ಮುದುಡುತ್ತದೆ. ಮದುವೆಯಾಗಿ ಬಂದ ವರ್ಷವೇ ನನ್ನ ಅವ್ವ ಕಸಿಮಿರಾ ಅವಳ ಕದಿರು ಕಿತ್ತುಕೊಂಡಳು.

"ನೀನು ಜೋಳದ ಹೆಂಡ ಕಾಯಿಸು. ಅದಕ್ಕೆ ಎಡ ಬಲ ಇಲ್ಲ."

ಕಾಯಿಸಿದಳು. ಅವಳ ಹೆಂಡಕ್ಕೆ ಗುಡ್ಡದಾಚೆಯವರೂ ಬರುತ್ತಾರೆ. ಆದರೆ ಹೆಂಗಸರೆಲ್ಲ ನೂಲುತ್ತ ಹರಟುವಾಗ ಇವಳ ಕೈ ಮಾತ್ರ ಖಾಲಿ. ಅವ್ವನ ಮೇಲೆ ನನಗೆ ಸಿಟ್ಟಿತ್ತು, ಈಗಲೂ ಸ್ವಲ್ಪ ಇದೆ.

ಈ ಸಲ ಗುಡ್ಡದ ಮೇಲಿನ ಇಂಕಾ ಹಿರಿಯರ ಕಲ್ಲುಮನೆಗೆ ಹೊಸ ಹುಲ್ಲು ಹೊದಿಸಬೇಕಿತ್ತು. ಅವರು ಬಾಳಿದ್ದೂ ಅಲ್ಲೇ, ಅಂಗಳದ ಬಂಡೆಯ ಮುಂದೆ ಭೂತಾಯಿಗೆ ಹೆಂಡ ಎರೆದದ್ದೂ ಅಲ್ಲೇ. ನಾವು ಈಗಲೂ ಅಲ್ಲೇ ಎರೆಯುತ್ತೇವೆ. ಪ್ರತಿ ಮನೆಯೂ ಹುಲ್ಲುಹಗ್ಗ ಕೊಡಬೇಕು. ಊರ ಕೆಲಸದಲ್ಲಿ ತನ್ನ ಕೈಯದೂ ಒಂದಿರಲಿ ಎಂಬ ಆಸೆಗೆ ಅತ್ತಿಗೆ ಯಾರನ್ನೂ ಕೇಳದೆ ದೊಡ್ಡ ಸುರುಳಿಯೊಂದನ್ನು ಹೊಸೆದು ಹೊತ್ತು ತಂದಳು. ಉಳಿದವರದೆಲ್ಲ ಬಲಹುರಿ, ಇವಳದು ಮಾತ್ರ ಎಡಹುರಿ.

"ಇದ್ಯಾಕೆ ತಂದೆ? ಮನೆ ಮರ್ಯಾದೆ ತೆಗೀಬೇಕು ಅಂತಾನಾ?" ಅವ್ವ ಎಲ್ಲರೆದುರೇ ಕೇಳಿದಳು.

"ಮನೆಗೊಂದು ಹಗ್ಗ ಅಂದ್ರಲ್ಲ ಅತ್ತೆ. ನಾನೂ ಆ ಮನೆಯೋಳೇ ಅಲ್ವಾ?"

ಅವ್ವ ಸುರುಳಿಯನ್ನು ಗೋಡೆಯ ಮೂಲೆಗೆ ತಳ್ಳಿದಳು.

ಸಂಜೆಗೆ ಮಾಡಿನ ನೆತ್ತಿ ಕಟ್ಟುವುದೊಂದೇ ಉಳಿಯಿತು. ನೆತ್ತಿಗೆ ಎಡಹುರಿಯ ಹಗ್ಗವೇ ಆಗಬೇಕು, ಇಲ್ಲದಿದ್ದರೆ ಆಲಿಕಲ್ಲೂ ಕೆಟ್ಟ ಗಾಳಿಯೂ ಒಳಗೆ ನುಗ್ಗುತ್ತವೆ. ಅದನ್ನು ಹೊಸೆಯುತ್ತಿದ್ದ ಮುದುಕ ಹೋದ ಚಳಿಗಾಲದಲ್ಲಿ ತೀರಿಕೊಂಡಿದ್ದ. ಆ ನೆತ್ತಿಹಗ್ಗದ ಮಾತು ಎಲ್ಲರಿಗೂ ಮರೆತೇಹೋಗಿತ್ತು. ಒಬ್ಬೊಬ್ಬರಾಗಿ ಹೊಸೆದು ನೋಡಿದರು. ಬಲಗೈಯವರ ಎಡಹುರಿ ಮೊಳದುದ್ದಕ್ಕೇ ಬಿಚ್ಚಿಕೊಂಡಿತು.

"ಆ ಮೂಲೇಲಿ ಬಿದ್ದಿರೋದು ಯಾರ್ದು?" ಮಾಡಿನ ಮೇಲಿಂದ ಮೇಸ್ತ್ರಿ ಮೆಲ್ಚೋರ್ ಕೂಗಿದ.

ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವನೇ ಎದ್ದಳು. ಹಗ್ಗವನ್ನು ಜಗ್ಗಿ ನೋಡಿದಳು. ಎರೆಯಲೆಂದು ತಂದಿದ್ದ ಅತ್ತಿಗೆಯ ಹೆಂಡವನ್ನು ಮೊದಲು ನೆಲಕ್ಕೆ, ಆಮೇಲೆ ಹಗ್ಗಕ್ಕೆ ಚಿಮುಕಿಸಿದಳು.

"ನನ್ನ ಸೊಸೇದು ಕಣೋ. ಗಟ್ಟಿಯಾಗಿ ಕಟ್ಟು. ಬಿಚ್ಕೊಂಡ್ರೆ ಅದು ನಿನ್ನ ಗಂಟಿನ ತಪ್ಪು, ಅವಳ ಕೈಯದಲ್ಲ."

ಎಲ್ಲರೂ ನಕ್ಕರು. ಅತ್ತಿಗೆ ನಗುತ್ತಲೇ ಅತ್ತಳು, ನನಗೂ ಅಳು ಬಂತು.

ಮರುದಿನ ಅವಳು ಹೆಂಡದ ಗಡಿಗೆ ತೊಳೆಯುತ್ತಿದ್ದಾಗ ಅವ್ವ ಬಂದು, ಅಂದು ಕಿತ್ತುಕೊಂಡ ಕದಿರನ್ನು ಅವಳ ಎಡಗೈಗೆ ಕೊಟ್ಟಳು. ಅಂದಿನಿಂದ ಗಡಿಗೆ ತೊಳೆಯುವ ಕೆಲಸ ನನ್ನ ತಲೆಗೆ ಬಿದ್ದಿದೆ. ಖುಷಿಯಿಂದಲೇ ತೊಳೆಯುತ್ತೇನೆ.